ಬೆಲ್ಲ ಸಕ್ಕರೆಗಳಿಲ್ಲದ ಹಣ್ಣಿನ ಸಿಹಿ : ಮಾಂಬಳ ಮತ್ತು ಬೆರಟಿ

ಮಲೆನಾಡು ಮತ್ತು ಕರಾವಳಿಯ ಸೀಮೆಗಳಲ್ಲಿ ಏಪ್ರಿಲ್ ತಿಂಗಳು ಮೊದಲ್ಗೊಂಡು ಜುಲೈವರೆಗೆ ಮಾವೂ ಹಲಸೂ ಒಂದರ ಹಿಂದೊಂದು ಹಣ್ಣಾಗುವುವು. ಮನೆಮಂದಿ ತಿಂದು, ನೆಂಟರಿಷ್ಟರಿಗೆ ಕೊಟ್ಟು, ದನಗಳಿಗೆ ಹಾಕಿದ ಮೇಲೂ ಉಳಿದ ಹಣ್ಣು ಮರದ ಬುಡದಲ್ಲಿಯೇ ಕೊಳೆಯುವುದು. ಇದರಿಂದಾಗುವ ನಷ್ಟ ಎರಡು ಬಗೆಯದು. ತಿನ್ನತಕ್ಕ ಪದಾರ್ಥವು ಹಾಳಾಗುವುದು ಒಂದು. ಬಿದ್ದ ಮಾವಿನ ಹಣ್ಣಿನಲ್ಲಿ ಹಣ್ಣುನೊಣದ ಹುಳುಗಳು ಬೆಳೆದು, ಮಣ್ಣಿನೊಳಕ್ಕಿಳಿದು ಕೋಶವಾಗಿ, ಪುನಃ ನೊಣವಾಗಿ ಮೇಲೆದ್ದು, ಮರದಲ್ಲಿ ಉಳಿದ ಹಣ್ಣುಗಳಿಗೆ ಮುತ್ತುವುದು ಇನ್ನೊಂದು. ಹೀಗೆ ಹಣ್ಣನ್ನು ಕೊಳೆಯಗೊಟ್ಟ ಮನೆಯವರೇ ಹಬ್ಬ ಬಂದಾಗ ಪೇಟೆಯಿಂದ ಸಕ್ಕರೆಯನ್ನೂ ಬಣ್ಣ ಹಾಕಿದ ಮಿಠಾಯಿಯನ್ನೂ ಹೊತ್ತು ತರುವುದುಂಟು.

ಹಣ್ಣಿನಿಂದ ಸಿಹಿ ತಿನಿಸು ಮಾಡಲು ಬೆಲ್ಲವಾದರೂ ಸಕ್ಕರೆಯಾದರೂ ಅವಶ್ಯವೆಂಬುದು ಸಾಮಾನ್ಯವಾದ ನಂಬಿಕೆ. ವಾಸ್ತವದಲ್ಲಿ ಹಾಗಿಲ್ಲ. ಮಾಗಿದ ಮಾವಿನ ತಿರುಳಿನಲ್ಲಿ ನೂರಕ್ಕೆ ಸುಮಾರು 80 ಪಾಲು, ಹಲಸಿನ ತೊಳೆಯಲ್ಲಿ ಸುಮಾರು 75 ಪಾಲು ನೀರಿರುವುದು. ಉಳಿದ ಅಂಶದಲ್ಲಿ ಹೆಚ್ಚಿನದು ಸಕ್ಕರೆಯೇ. ಆದಕಾರಣ ಮಾಡತಕ್ಕ ಕೆಲಸವು ಸಿಹಿಯನ್ನು ಸೇರಿಸುವುದಲ್ಲ, ನೀರನ್ನು ಕಳೆಯುವುದು. ನೀರು ಕಡಿಮೆಯಾದಂತೆ ಸಿಹಿಯು ಗಟ್ಟಿಯಾಗುವುದಲ್ಲದೆ, ಬೂಷ್ಟಿಗೂ ಹುಳಿಸುವ ಅಣುಜೀವಿಗಳಿಗೂ ಬೇಕಾದ ತೇವವು ದೊರೆಯದೆ ತಿನಿಸು ಕೆಡದೆ ನಿಲ್ಲುವುದು.

ಇದಕ್ಕೆ ಹಣ್ಣು ಪೂರ್ತಿ ಬಲಿತು ಮಾಗಿರಬೇಕು. ಬಾಳೆಯಲ್ಲಿ ಈ ವಿಷಯ ಸ್ಪಷ್ಟವಾಗಿ ಕಾಣುವುದು. ಬಲಿತ ಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 20 ಪಾಲು ಪಿಷ್ಟವಿದ್ದು, ಮಾಗುವಾಗ ಅದು ಸಕ್ಕರೆಯಾಗಿ ಮಾರ್ಪಟ್ಟು, ಪೂರ್ತಿ ಹಣ್ಣಾದಾಗ ಒಂದೆರಡು ಪಾಲು ಮಾತ್ರ ಪಿಷ್ಟ ಉಳಿಯುವುದು. ಉತ್ತರ ಕನ್ನಡದಲ್ಲಿ ಬಾಳೆಹಣ್ಣನ್ನು ಸುಲಿದು ಒಣಗಿಸಿ ಮಾಡುವ ಸುಕೇಳಿಗೆ ಸಕ್ಕರೆಯ ಸೋಂಕಿಲ್ಲದೆಯೇ ಜೇನಿನಂಥ ಸವಿ ಬರುವುದು ಇದರಿಂದಲೇ. ಬಲಿಯದ ಕಾಯಿಗೆ ಕಾರ್ಬೈಡ್ ಇಟ್ಟು ಹಣ್ಣುಮಾಡಿದರೆ ಸಿಪ್ಪೆಗೆ ಬಣ್ಣ ಬರುವುದೇ ಹೊರತು ಒಳಗೆ ಸಿಹಿ ಹುಟ್ಟುವುದಿಲ್ಲ. ಆ ಕ್ರಮವನ್ನು ಕಾನೂನೂ ನಿಷೇಧಿಸಿದೆ.

ಮಾವು ಹಣ್ಣಾಗುವ ಕಾಲದಲ್ಲಿ ಬಿಸಿಲಿರುವುದು; ಹಲಸು ಮಾಗುವ ಹೊತ್ತಿಗೆ ಮಳೆ ಹಿಡಿದಿರುವುದು. ಹಿರಿಯರು ಮಾವನ್ನು ಬಿಸಿಲಿನಲ್ಲಿಯೂ ಹಲಸನ್ನು ಒಲೆಯ ಮೇಲೆಯೂ ಒಣಗಿಸುವ ರೂಢಿ ಮಾಡಿಕೊಂಡಿದ್ದು ಇದನ್ನು ನೋಡಿಯೇ ಇರಬೇಕು.

ಮಾಂಬಳಕ್ಕೆ ರಸ ಹೆಚ್ಚಾಗಿರುವ ಕಾಟುಮಾವು ಉತ್ತಮ. ಪೇಟೆಯಲ್ಲಿ ಬೆಲೆಯಿಲ್ಲದ ಈ ಹಣ್ಣಿನ ಹುಳಿಯೇ ಇಲ್ಲಿ ಗುಣವಾಗುವುದು. ಹುಳಿಯಿದ್ದಲ್ಲಿ ಅಣುಜೀವಿಗಳ ಆಟ ಕಡಿಮೆ. ಅದೇ ದಿನ ಬಿದ್ದ ಗಟ್ಟಿ ಹಣ್ಣನ್ನು ಆರಿಸಿ ತೊಳೆದು, ತೊಟ್ಟಿನ ಸೊನೆ ತೆಗೆದು, ರಸ ಹಿಂಡಿ ಜರಡಿಯಲ್ಲಿ ಸೋಸಬೇಕು. ಹುಳುಬಿದ್ದ ಹಣ್ಣನ್ನು ರಸಕ್ಕೆ ಸೇರಿಸದೆ ಆಳವಾದ ಗುಂಡಿಯಲ್ಲಿ ಹೂಳತಕ್ಕದ್ದು. ನೆಲದಿಂದ ಎತ್ತರವಾಗಿ ಕಟ್ಟಿದ ಚಪ್ಪರದ ಮೇಲೆ ಶುಚಿಯಾದ ಚಾಪೆ ಹಾಸಿ ರಸವನ್ನು ತೆಳ್ಳಗೆ ಹರಡಿ, ನೊಣ ಕೂರದಂತೆ ತೆಳುಬಟ್ಟೆಯನ್ನು ಮೇಲೆ ಬಿಗಿಯಬೇಕು. ಮೊದಲ ಪದರ ಒಣಗಿದ ಮೇಲೆ ಇನ್ನೊಂದನ್ನು ಎರೆಯುತ್ತ ಹೋಗಬೇಕು. ಹಸಿಯಿರುವಾಗಲೇ ಆತುರಪಟ್ಟು ಮೇಲೆ ಎರೆದರೆ ಒಳಪದರ ಹುಳಿತು ಎಲ್ಲವೂ ಕೆಡುವುದು. ಸಂಜೆಯ ಇಬ್ಬನಿ ಬೀಳುವ ಮೊದಲು ಒಳಗಿಡತಕ್ಕದ್ದು. ರಸದ ತೂಕದಲ್ಲಿ ಸುಮಾರು ಕಾಲು ಭಾಗ ಉಳಿದು, ಬೆರಳಿಗೆ ಅಂಟದೆ, ಮಡಿಸಿದರೆ ಮುರಿಯದೆ ಇದ್ದರೆ ಮಾಂಬಳ ಸಿದ್ಧವಾಯಿತು.

ಬೆರಟಿಗೆ ತುಳುವ, ಬಕ್ಕೆ ಎರಡು ಜಾತಿಯ ಹಲಸೂ ಆದೀತು. ತುಳುವದ ನಾರನ್ನು ಸೋಸಬೇಕಾಗುವುದು. ಬಕ್ಕೆಯನ್ನು ಬೇಯಿಸಿ ರುಬ್ಬಿದರೆ ಸಾಕು. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡರೆ ಮೇಣ ಹತ್ತುವುದಿಲ್ಲ. ರುಬ್ಬಿದ ತಿರುಳನ್ನು ತೂಗಿ, ತಳ ದಪ್ಪವಿರುವ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಮಗುಚಬೇಕು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆ ಕೂಡದು. ಹಣ್ಣಿನ ಹುಳಿ ಲೋಹವನ್ನು ತಿನ್ನುವುದು. ಸೌದೆಯ ಹೊಗೆಯ ವಾಸನೆಯಿದ್ದರೇ ಬೆರಟಿಗೆ ರುಚಿಯೆನ್ನುವವರುಂಟು. ಅದು ಅವರವರ ಬಾಯಿಗೆ ಬಿಟ್ಟ ಮಾತು. ಬೆರಟಿಗೆ ಬೆಲ್ಲ ಹಾಕುವ ಮನೆಗಳಲ್ಲಿ ಪಾಕದ ಹದ ನೋಡುವ ಅಭ್ಯಾಸವಿರುವುದು. ಬೆಲ್ಲವಿಲ್ಲದೆ ಮಾಡುವಾಗ ಆ ಹದವನ್ನು ನಂಬಿದರೆ ಮೋಸವಾದೀತು. ನೂರು ಪಾಲು ತಿರುಳು ಮೂವತ್ತಮೂರು ಪಾಲಿಗೆ ಇಳಿದಾಗ ಅದರಲ್ಲಿ ನೀರು ಕಾಲು ಭಾಗದಷ್ಟು ಮಾತ್ರ ಉಳಿದಿರುವುದು. ಆದ್ದರಿಂದ ಕಣ್ಣಿಗಿಂತ ತಕ್ಕಡಿಯೇ ಇಲ್ಲಿ ಒಳ್ಳೆಯ ಸಾಕ್ಷಿ. ಅರ್ಧಕ್ಕೆ ಇಳಿಸಿ ಭರಣಿಗೆ ತುಂಬಿದ ಬೆರಟಿಗೆ ಆಷಾಢ ಮುಗಿಯುವುದರೊಳಗೆ ಬೂಷ್ಟು ಹತ್ತಿದರೆ ಆಶ್ಚರ್ಯವಿಲ್ಲ. ಬೂಷ್ಟು ಕಂಡ ಬೆರಟಿಯನ್ನು ಮೇಲಷ್ಟು ತೆಗೆದು ಉಳಿದುದನ್ನು ತಿನ್ನುವ ಪದ್ಧತಿ ಅಪಾಯಕರ; ಎಲ್ಲವನ್ನೂ ಎಸೆಯತಕ್ಕದ್ದು.

ಈ ಬೆರಟಿಯಿಂದ ಹೋಳಿಗೆಯ ಹೂರಣ, ಪಾಯಸ, ಉಂಡೆಗಳನ್ನು ಮಾಡಬಹುದು. ಪಾಯಸಕ್ಕೆ ತೆಂಗಿನ ಹಾಲನ್ನು ಒಲೆಯಿಂದಿಳಿಸಿದ ಮೇಲೆ ಬೆರೆಸಿದರೆ ಒಡೆಯುವುದಿಲ್ಲ. ಉಂಡೆಗೆ ಹುರಿದ ಎಳ್ಳು, ಹುರಿಗಡಲೆಯ ಹಿಟ್ಟು, ಕೊಬ್ಬರಿ ತುರಿ ಒಪ್ಪುವುವು. ಹಸಿಕಾಯಿ ಹಾಕಿದುದನ್ನು ಅದೇ ದಿನ ತಿಂದು ಮುಗಿಸಬೇಕು. ಖರ್ಜೂರ ದೊರೆಯುವಲ್ಲಿ ಅದನ್ನು ಅರೆದು ಸೇರಿಸಿದರೂ ಸಿಹಿ ಸಾಲುವುದು.

ಸಕ್ಕರೆ ಹಾಕಿಲ್ಲವೆಂದ ಮಾತ್ರಕ್ಕೆ ಸಕ್ಕರೆಯಿಲ್ಲವೆಂದು ತಿಳಿಯತಕ್ಕದ್ದಲ್ಲ. ಬೆರಟಿಯ ಒಂದು ಪಾಲಿನಲ್ಲಿ ಹಸಿ ತೊಳೆಯ ಮೂರು ಪಾಲಿನ ಸಕ್ಕರೆ ಅಡಗಿರುವುದು. ಹಣ್ಣಿನ ನಾರು ಮತ್ತು ಖನಿಜಾಂಶಗಳೂ, ಮಾವಿಗೆ ಬಣ್ಣ ಕೊಡುವ ಎ ಜೀವಸತ್ವದ ಮೂಲಾಂಶವು ಒಂದು ಪ್ರಮಾಣದಲ್ಲಿಯೂ ಇದರಲ್ಲಿ ಉಳಿಯುವುದರಿಂದ ಬರಿಯ ಸಕ್ಕರೆಯ ಮಿಠಾಯಿಗಿಂತ ಇದು ಮೇಲು. ಸಿ ಜೀವಸತ್ವವು ಬಹುಮಟ್ಟಿಗೆ ಬೆಂಕಿಗೂ ಬಿಸಿಲಿಗೂ ನಾಶವಾಗುವುದು. ಮಧುಮೇಹಿಗಳು ಇದನ್ನು ಔಷಧವೆಂದಾಗಲಿ ನಿರಪಾಯವೆಂದಾಗಲಿ ಎಣಿಸದೆ ವೈದ್ಯರನ್ನು ಕೇಳಿ ಮಿತವಾಗಿ ತಿನ್ನತಕ್ಕದ್ದು. ಮೂತ್ರಪಿಂಡದ ರೋಗವುಳ್ಳವರಿಗೆ ಹಲಸು ಬಾಳೆಗಳ ಪೊಟ್ಯಾಸಿಯಮ್ಮಿನ ದೆಸೆಯಿಂದ ಹೆಚ್ಚಿನ ಎಚ್ಚರ ಬೇಕು. ಮಕ್ಕಳು ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು. ಅಂಟು ತಿನಿಸು ಹಲ್ಲಿನ ಸಂದಿಯಲ್ಲಿ ಕುಳಿತು ಕೆಡಿಸುವುದು.

ಬೆರಟಿ ಮಗುಚುವುದು ಒಬ್ಬರ ಕೈಯಿಂದಾಗುವ ಕೆಲಸವಲ್ಲ. ನಾಲ್ಕಾರು ಮನೆಗಳ ಹಣ್ಣನ್ನು ಒಂದೇ ದಿನ ಒಂದೇ ಒಲೆಯಲ್ಲಿ ಮಾಡಿದರೆ ಸೌದೆಯೂ ಶ್ರಮವೂ ಉಳಿಯುವುವು. ಗ್ರಾಮದ ಮುಖ್ಯಸ್ಥರು ಮುಂದಾಗಿ ಒಂದು ದೊಡ್ಡ ಪಾತ್ರೆ, ಒಂದು ತಕ್ಕಡಿ, ಮಾಂಬಳಕ್ಕೊಂದು ಚಪ್ಪರ ಇಷ್ಟನ್ನು ಒದಗಿಸಿದರೆ ಉಳಿದುದನ್ನು ಮನೆಯ ಹೆಂಗಸರು ಬಲ್ಲರು. ಮಾರುವ ಉದ್ದೇಶವಿದ್ದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ನೋಂದಣಿ ಪಡೆಯುವುದು ಅವಶ್ಯ. ಮನೆಯ ಬಳಕೆಗಾದರೂ ಬೆರಟಿಯನ್ನು ಒಣಗಿದ ಶುಚಿಯಾದ ಭರಣಿಯಲ್ಲಿ ಸಂದಿಲ್ಲದಂತೆ ಒತ್ತಿ ತುಂಬಿ, ಮಾಡಿದ ದಿನವನ್ನು ಮೇಲೆ ಬರೆದು, ತೆಗೆಯುವಾಗಲೆಲ್ಲ ನೀರು ಸೋಂಕದ ಚಮಚವನ್ನೇ ಬಳಸತಕ್ಕದ್ದು.