ಗೋವಿನಜೋಳದ ಬಿಯರ್: ಅಮೆರಿಕದಲ್ಲಿ ಅಗ್ಗ, ಕುಪ್ಪೇಲೂರಿನಲ್ಲಿ ತುಟ್ಟಿ

ಕುಪ್ಪೇಲೂರು (ರಾಣೆಬೆನ್ನೂರು ತಾ.): ಮುಂಗಾರಿನ ಫಸಲು ಕೈಗೆ ಬರುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಈ ಭಾಗದ ಹಳ್ಳಿಗಳ ರಸ್ತೆಗಳಲ್ಲಿ ಅರ್ಧ ಭಾಗ ವಾಹನಗಳಿಗಾದರೆ ಉಳಿದರ್ಧ ಗೋವಿನಜೋಳಕ್ಕೆ ಮೀಸಲು. ಒಕ್ಕಿ ಒಣಹಾಕಿದ ಈ ಕಾಳು ಇಲ್ಲಿಂದ ಕೋಳಿ ಆಹಾರಕ್ಕೆ, ಸ್ಟಾರ್ಚ್ ತಯಾರಿಕೆಗೆ, ಇತ್ತೀಚಿನ ವರ್ಷಗಳಲ್ಲಿ ಎಥೆನಾಲ್‌ಗೆ ಹೋಗುತ್ತದೆಂಬುದು ಬೆಳೆಗಾರರಿಗೆ ತಿಳಿದ ಸಂಗತಿ. ಇದೇ ಕಾಳು ಅಮೆರಿಕದಲ್ಲಿ ಸುಮಾರು ಒಂದೂವರೆ ಶತಮಾನದಿಂದ ಕೂಲಿಕಾರರ, ಲಾರಿ ಚಾಲಕರ, ವಿದ್ಯಾರ್ಥಿಗಳ ಅಗ್ಗದ ಬಿಯರ್ ಆಗಿ ಹರಿಯುತ್ತಿದೆ. ಗೋವಿನಜೋಳ ಬೆಳೆಯುವ ಊರಿನ ಕೂಲಿಕಾರನಿಗೆ ಮಾತ್ರ ಬಿಯರ್ ಇಂದಿಗೂ ತುಟ್ಟಿಯ ಪಾನೀಯ. ಇದಕ್ಕೆ ಕಾರಣ ಕಾಳಿನಲ್ಲಿಲ್ಲ, ತೆರಿಗೆಯ ಲೆಕ್ಕದಲ್ಲಿದೆ.

ಬಿಯರ್‌ನ ಮೂಲ ಧಾನ್ಯ ಬಾರ್ಲಿ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವಂತೆಯೇ ಬಾರ್ಲಿಯನ್ನೂ ಮೊಳಕೆ ಕಟ್ಟಿ ಒಣಗಿಸಿದರೆ ಅದು ಮಾಲ್ಟ್ ಎನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕಕ್ಕೆ ವಲಸೆ ಹೋದ ಜರ್ಮನ್ನರು ತಮ್ಮ ದೇಶದ ತಿಳಿ ಬಿಯರನ್ನು ಅಲ್ಲಿಯೂ ಮಾಡಲು ಹೊರಟಾಗ ತೊಡಕೊಂದು ಎದುರಾಯಿತು. ಅಲ್ಲಿ ಬೆಳೆಯುತ್ತಿದ್ದ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನ್ ಅಂಶ ಹೆಚ್ಚು. ಅದರಿಂದಾಗಿ ಬಿಯರ್ ಮಬ್ಬಾಗುತ್ತಿತ್ತು, ಬೇಗ ಕೆಡುತ್ತಿತ್ತು. ಬೊಹೆಮಿಯಾ ಮೂಲದ ತಜ್ಞ ಆಂಟನ್ ಶ್ವಾರ್ಟ್ಸ್ 1860ರ ದಶಕದ ಕೊನೆಯಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು: ಮಾಲ್ಟ್‌ನೊಂದಿಗೆ ಅಕ್ಕಿ ಅಥವಾ ಗೋವಿನಜೋಳವನ್ನು ಬೆರೆಸುವುದು.

ವಿಧಾನ ನಮ್ಮ ಭಾಗದ ಅಡುಗೆಮನೆಗೆ ಅಪರಿಚಿತವೇನಲ್ಲ. ಕಾಳಿನ ಮೊಳಕೆ ಭಾಗವನ್ನು ತೆಗೆದುಹಾಕಿ ನುಚ್ಚು ಮಾಡಲಾಗುತ್ತದೆ. ಆ ಭಾಗದಲ್ಲಿರುವ ಎಣ್ಣೆ ಬಿಯರ್‌ನ ನೊರೆಯನ್ನು ಕೆಡಿಸುತ್ತದೆ. ನುಚ್ಚನ್ನು ಬೇರೆಯೇ ಪಾತ್ರೆಯಲ್ಲಿ ಕುದಿಸಿ ಗಂಜಿ ಮಾಡಿ, ಬಳಿಕ ಮಾಲ್ಟ್ ಇರುವ ಪಾತ್ರೆಗೆ ಸೇರಿಸಿದಾಗ ಮಾಲ್ಟ್‌ನಲ್ಲಿರುವ ಕಿಣ್ವಗಳು ಗಂಜಿಯ ಪಿಷ್ಟವನ್ನೂ ಸಕ್ಕರೆಯಾಗಿಸುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ಹುದುಗಿಸುತ್ತದೆ. ಫಲವಾಗಿ ಬಣ್ಣ ತಿಳಿಯಾಗುತ್ತದೆ, ರುಚಿ ಹಗುರವಾಗುತ್ತದೆ. 1876ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾದ ಬಡ್ವೈಸರ್ ಅಕ್ಕಿಯ ದಾರಿ ಹಿಡಿಯಿತು. ಪ್ಯಾಬ್‌ಸ್ಟ್‌ನಂತಹ ಇತರ ಹೆಸರಾಂತ ಬಿಯರ್‌ಗಳು ಗೋವಿನಜೋಳದ ದಾರಿ ಹಿಡಿದವು. ಅಗ್ಗದ ಕಲಬೆರಕೆ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದಾದರೂ, ಆರಂಭದಲ್ಲಿ ಇದು ಸ್ಪಷ್ಟತೆಗಾಗಿ ಮಾಡಿದ ಉಪಾಯವೇ ಹೊರತು ಮೋಸವಲ್ಲ.

ಬೆಲೆ ಇಳಿದದ್ದು ನಂತರದ ಬೆಳವಣಿಗೆ. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಐಸ್‌ಕ್ರೀಂ, ಮಾಲ್ಟ್ ಪಾಕ, ತಂಪು ಪಾನೀಯ ಮಾರಿ ಉಳಿದುಕೊಂಡ ಕೆಲವೇ ದೊಡ್ಡ ಕಂಪನಿಗಳು ನಿಷೇಧ ತೆರವಾದೊಡನೆ ದೇಶವನ್ನೇ ಆವರಿಸಿದವು. ದೊಡ್ಡ ಕಾರ್ಖಾನೆ, ಅಲ್ಯೂಮಿನಿಯಂ ಕ್ಯಾನ್, ಹೆದ್ದಾರಿ ಸಾಗಣೆ ಇವೆಲ್ಲ ಸೇರಿ ಒಂದು ಕ್ಯಾನ್ ಬಿಯರ್ ದಿನಗೂಲಿಯವನ ಕೈಗೆಟಕುವ ವಸ್ತುವಾಯಿತು.

ಹೀಗೆ ಅಗ್ಗವಾದ ಪಾನೀಯದ ಸುತ್ತ ಅಮೆರಿಕನ್ನರ ನೆನಪುಗಳು ಬೆಳೆದಿವೆ. ಕೊಲೊರಾಡೊದ ಕೂರ್ಸ್ ಬಿಯರ್ 1970ರ ದಶಕದಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಮಾತ್ರ ಮಾರಾಟವಾಗುತ್ತಿತ್ತು. ಪೂರ್ವದವರು ಅದನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಊರಿಗೊಯ್ಯುತ್ತಿದ್ದರು. 1977ರ ‘ಸ್ಮೋಕಿ ಆ್ಯಂಡ್ ದಿ ಬ್ಯಾಂಡಿಟ್’ ಚಿತ್ರದ ಕಥೆ ನಿಂತಿರುವುದೇ ಲಾರಿಯಲ್ಲಿ ಕೂರ್ಸ್ ಕದ್ದು ಸಾಗಿಸುವ ಪಂದ್ಯದ ಮೇಲೆ. ಅದೇ ವರ್ಷ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಹೋದರ ಬಿಲ್ಲಿ ಹೆಸರಿನಲ್ಲಿ ‘ಬಿಲ್ಲಿ ಬಿಯರ್’ ಬಂದಿತು. ಅದು ಮರುವರ್ಷವೇ ನಿಂತುಹೋಯಿತು. ಮುಂದೆ ಬೆಲೆ ಬಂದೀತೆಂದು ಕ್ಯಾನ್‌ಗಳನ್ನು ಕೂಡಿಟ್ಟವರಿಗೆ ಕ್ಯಾನ್‌ಗಳು ಉಳಿದವು, ಬೆಲೆ ಬರಲಿಲ್ಲ. 1980ರ ದಶಕದ ಆರಂಭದಲ್ಲಿ ಬಿಳಿಯ ಕ್ಯಾನ್ ಮೇಲೆ ಕಪ್ಪಕ್ಷರದಲ್ಲಿ ‘ಬಿಯರ್’ ಎಂದಷ್ಟೇ ಬರೆದ, ಹೆಸರೇ ಇಲ್ಲದ ಬಿಯರ್ ಕೂಡ ಅಂಗಡಿಗಳಿಗೆ ಬಂದಿತ್ತು. ಅದನ್ನು ಇಂದಿಗೂ ನೆನೆದು ನಗುವವರಿದ್ದಾರೆ.

ಷ್ಲಿಟ್ಜ್‌ನ ಕಥೆ ಮಾತ್ರ ನಗುವಂಥದ್ದಲ್ಲ. ಮಿಲ್ವಾಕಿಯ ಈ ಕಂಪನಿ ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಬಿಯರ್ ತಯಾರಕ. 1970ರ ದಶಕದಲ್ಲಿ ವೆಚ್ಚ ಇಳಿಸಲು ಹುದುಗಿಸುವ ಅವಧಿಯನ್ನು ತಗ್ಗಿಸಿ, ಕಡಿಮೆ ಖರ್ಚಿನ ಸಾಮಗ್ರಿ ಬಳಸಿತು. 1976ರ ಹೊತ್ತಿಗೆ ಬಾಟಲಿಗಳಲ್ಲಿ ಬಿಳಿಯ ಚೂರುಗಳು ತೇಲತೊಡಗಿ, ಲಕ್ಷಾಂತರ ಬಾಟಲಿಗಳನ್ನು ಹಿಂಪಡೆಯಬೇಕಾಯಿತು. 1982ರಲ್ಲಿ ಕಂಪನಿಯೇ ಮಾರಾಟವಾಯಿತು. ಅಗ್ಗದ ಬಿಯರ್ ಕುಡಿಯುವವನಿಗೆ ರುಚಿ ತಿಳಿಯದು ಎಂದು ಭಾವಿಸಿದ ವ್ಯವಸ್ಥಾಪಕರು ತೆತ್ತ ಬೆಲೆಯಿದು. ಇತ್ತ, ಮುದುಕರ ಬಿಯರ್ ಎನಿಸಿಕೊಂಡಿದ್ದ ಪ್ಯಾಬ್‌ಸ್ಟ್ ಬ್ಲೂ ರಿಬ್ಬನ್ 2000ದ ದಶಕದಲ್ಲಿ ನಗರದ ಯುವಕರ ಕೈಸೇರಿ ಮರುಜೀವ ಪಡೆಯಿತು.

‘ನೀರಿನಂತಿದೆ’ ಎಂಬುದು ಈ ಬಿಯರ್‌ಗಳ ಬಗ್ಗೆ ಯುರೋಪಿನವರು ಹೊರಿಸುವ ಹಳೆಯ ಆರೋಪ. 1975ರಲ್ಲಿ ದೇಶವ್ಯಾಪಿಯಾದ ಮಿಲ್ಲರ್ ಲೈಟ್, 1982ರ ಬಡ್ ಲೈಟ್ ಮುಂತಾದವುಗಳಲ್ಲಿ ಮದ್ಯಾಂಶ ಶೇ 4.2. ಆರೋಪ ಸುಳ್ಳೆನ್ನಲಾಗದು. ಆದರೆ ಬಿಸಿಲಲ್ಲಿ ದುಡಿದು ಬಂದವನು ಎರಡು ಕ್ಯಾನ್ ಕುಡಿದು ಮನೆಗೆ ನಡೆದು ಹೋಗಬಲ್ಲ ಎಂಬುದೂ ಅಷ್ಟೇ ನಿಜ. ನಮ್ಮ ಭಾಗದ ಚರ್ಚೆ ಆರಂಭವಾಗಬೇಕಾದದ್ದು ಇಲ್ಲಿಂದ.

ತೆರಿಗೆಯ ಲೆಕ್ಕ

ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಬಿಯರ್ ಮೇಲೆ ಕೇಂದ್ರ ಸರ್ಕಾರದ ಅಬಕಾರಿ ತೆರಿಗೆ ಸುಮಾರು 117 ಲೀಟರಿನ ಒಂದು ಬ್ಯಾರೆಲ್‌ಗೆ 16ರಿಂದ 18 ಡಾಲರ್. 650 ಮಿಲಿ ಪ್ರಮಾಣಕ್ಕೆ ಲೆಕ್ಕ ಹಾಕಿದರೆ ನಮ್ಮ ಹಣದಲ್ಲಿ ಹತ್ತು ರೂಪಾಯಿಯ ಆಸುಪಾಸು. ರಾಜ್ಯಗಳ ತೆರಿಗೆ ಇದಕ್ಕೆ ಹೊರತು.

ಕರ್ನಾಟಕದಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರಲ್ಲಿ ಶೇ 175ರಿಂದ 185ಕ್ಕೆ, 2024ರಲ್ಲಿ ಶೇ 195ಕ್ಕೆ ಏರಿಸಲಾಯಿತು. 2025ರ ಜನವರಿ 20ರಿಂದ ಜಾರಿಗೆ ಬಂದ ನಿಯಮದಂತೆ ಶೇಕಡಾವಾರು ಸುಂಕ ಅಥವಾ ಲೀಟರಿಗೆ 130 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ವಿಧಿಸಲಾಯಿತು. ಎಷ್ಟೇ ಅಗ್ಗದ ಬಿಯರ್ ಆದರೂ 650 ಮಿಲಿ ಬಾಟಲಿಯೊಂದಕ್ಕೆ ಈ ಒಂದು ಸುಂಕವೇ 84 ರೂಪಾಯಿ 50 ಪೈಸೆ ಆಯಿತೆಂದರ್ಥ. ಪೆಟ್ಟು ಬಿದ್ದದ್ದು ಕೆಳಗಿನ ಬೆಲೆಯ ಬಿಯರ್‌ಗಳಿಗೆ. ಆ ತಿಂಗಳು ವರದಿಯಾದಂತೆ ಲೆಜೆಂಡ್ ಬಿಯರ್ ಬಾಟಲಿ 100 ರೂಪಾಯಿಯಿಂದ 145ಕ್ಕೆ, ಪವರ್ ಕೂಲ್ 130ರಿಂದ 155ಕ್ಕೆ ಏರಿದರೆ, 230 ರೂಪಾಯಿಯ ವುಡ್‌ಪೆಕರ್ ಗ್ಲೈಡ್‌ಗೆ ಏರಿದ್ದು ಕೇವಲ ಹತ್ತು ರೂಪಾಯಿ. ಸಿರಿವಂತನ ಬಾಟಲಿಗಿಂತ ಬಡವನ ಬಾಟಲಿಯೇ ಹೆಚ್ಚು ಹೊರೆ ಹೊತ್ತಿತು.

ಪರಿಣಾಮವನ್ನು ಮದ್ಯಾಂಶದ ಲೆಕ್ಕದಲ್ಲಿ ನೋಡಬೇಕು. ಶೇ 5ರ ಒಂದು ಬಾಟಲಿ ಬಿಯರ್‌ನಲ್ಲಿ ಇರುವ ಶುದ್ಧ ಮದ್ಯಸಾರ 32.5 ಮಿಲಿ. ಶೇ 42.8ರ ವಿಸ್ಕಿಯ 90 ಮಿಲಿ ಟೆಟ್ರಾ ಪ್ಯಾಕೆಟ್‌ನಲ್ಲಿ ಇರುವುದು 38.5 ಮಿಲಿ. ಅಂಗೈಯಲ್ಲಿ ಹಿಡಿಸುವ ಪ್ಯಾಕೆಟ್ ದೊಡ್ಡ ಬಾಟಲಿಗಿಂತ ಹೆಚ್ಚು ಅಮಲು ಕೊಡುತ್ತದೆ, ಬೆಲೆಯೂ ತೀರಾ ಕಡಿಮೆ. ದಿನದ ಕೂಲಿ ಎಣಿಸುವವನು ಯಾವುದನ್ನು ಕೊಳ್ಳುತ್ತಾನೆಂದು ಬೇರೆ ಹೇಳಬೇಕಿಲ್ಲ. ಬಿಯರ್ ಕುಡಿಯುವವನೂ ಶೇ 8ರವರೆಗಿನ ‘ಸ್ಟ್ರಾಂಗ್’ ಬಿಯರನ್ನೇ ಕೇಳುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಇದಕ್ಕೆ ಸಮನಾದದ್ದೆಂದರೆ ‘ಮಾಲ್ಟ್ ಲಿಕರ್’ ಎಂಬ ಕಡು ಬಿಯರ್. ಅಲ್ಲಿಯೂ ಅದು ಬಡ ಬಡಾವಣೆಗಳ ಪಾನೀಯವೆಂದೇ ಹೆಸರಾದದ್ದು.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರು. ಪ್ಲಾಸ್ಟಿಕ್ ಪ್ಯಾಕೆಟ್ ಹೋಯಿತು. ಅದರ ಜಾಗಕ್ಕೆ ಕಾಗದದ ಪ್ಯಾಕೆಟ್ ಬಂದಿತು. ಕಡು ಮದ್ಯಕ್ಕೆ ಬದಲಾಗಿ ಹಗುರ ಬಿಯರ್ ಅಗ್ಗವಾಗಿದ್ದರೆ ಮನೆಗಳ ಸ್ಥಿತಿ ಸುಧಾರಿಸುತ್ತಿತ್ತೇ ಎಂಬ ಬಗ್ಗೆ ಎರಡು ಮಾತುಗಳಿವೆ. ಕುಡಿತ ಕುಡಿತವೇ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರಮಾಣದ ಮೇಲೆ ತೆರಿಗೆ ಹಾಕಿ ಅಮಲನ್ನು ಅಗ್ಗ ಮಾಡುವ ಪದ್ಧತಿಯನ್ನು ಸಮರ್ಥಿಸುವುದು ಇನ್ನೂ ಕಷ್ಟ.

ಇದರ ನಡುವೆ ಒಂದು ವಿಪರ್ಯಾಸವೂ ಇದೆ. ಅಮೆರಿಕದ ಸಾಮಾನ್ಯನ ಬಿಯರ್ ಎನಿಸಿದ ಬಡ್ವೈಸರ್ ಭಾರತದಲ್ಲಿ ದುಬಾರಿ ಸಾಲಿನಲ್ಲಿ ಮಾರಾಟವಾಗುತ್ತದೆ. ಅಲ್ಲಿ ಓದಲು ಹೋದ ನಮ್ಮ ಕಡೆಯ ಹುಡುಗರು ಮೂವತ್ತು ಕ್ಯಾನ್‌ಗಳ ಪೆಟ್ಟಿಗೆಯನ್ನು ಹಂಚಿಕೊಂಡು ಕೊಳ್ಳುವ ಬಿಯರ್ ಇಲ್ಲಿ ಮದುವೆ ಪಾರ್ಟಿಯ ಅಂತಸ್ತಿನ ಗುರುತು.

ಬೆಳೆಗಾರರ ಬಿಯರ್

2019ರ ಫೆಬ್ರುವರಿಯಲ್ಲಿ, ಅಮೆರಿಕದ ಸೂಪರ್ ಬೌಲ್ ಪಂದ್ಯದ ವೇಳೆ ಪ್ರಸಾರವಾದ ಜಾಹೀರಾತಿನಲ್ಲಿ ಬಡ್ ಲೈಟ್ ತನ್ನ ಪ್ರತಿಸ್ಪರ್ಧಿಗಳಾದ ಮಿಲ್ಲರ್ ಲೈಟ್, ಕೂರ್ಸ್ ಲೈಟ್‌ಗಳು ಗೋವಿನಜೋಳದ ಪಾಕ ಬಳಸುತ್ತವೆಂದು ಮೂದಲಿಸಿತು. ಗೋವಿನಜೋಳ ಬೆಳೆಗಾರರ ರಾಷ್ಟ್ರೀಯ ಸಂಘಟನೆ ಕೆರಳಿತು. ಬೆಳೆಗಾರರೊಬ್ಬರು ಬಡ್ ಲೈಟನ್ನು ಸಿಂಕ್‌ಗೆ ಸುರಿದ ವಿಡಿಯೊ ಎಲ್ಲೆಡೆ ಹರಿದಾಡಿತು. ಪ್ರಕರಣ ನ್ಯಾಯಾಲಯಕ್ಕೂ ಹೋಗಿ, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಬಡ್ ಲೈಟ್ ಪರ ತೀರ್ಪಿತ್ತಿತು. ತಾವು ಬೆಳೆದ ಕಾಳು ಯಾವ ಬಾಟಲಿ ಸೇರುತ್ತದೆಂಬುದು ಅಲ್ಲಿನ ರೈತರಿಗೆ ಮಾನದ ಪ್ರಶ್ನೆಯಾಗಿತ್ತು.

ಇಲ್ಲಿನ ರೈತರ ಪ್ರಶ್ನೆ ಬೆಲೆಯದ್ದು. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ 1,600ರಿಂದ 1,800 ರೂಪಾಯಿ ಮಾತ್ರ ಸಿಗುತ್ತಿದ್ದ ಕಾರಣ ಹಾವೇರಿ, ಗದಗ ಜಿಲ್ಲೆಗಳ ಬೆಳೆಗಾರರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಮೂರನೇ ಒಂದು ಭಾಗ ಗೋವಿನಜೋಳ ಬಳಸಿದ ಒಂದು ಬಾಟಲಿ ಬಿಯರ್‌ಗೆ ಬೇಕಾಗುವ ಕಾಳು ಅಂದಾಜು 30 ಗ್ರಾಂ. ಬೆಂಬಲ ಬೆಲೆಯಲ್ಲಿ ಅದರ ಮೌಲ್ಯ 72 ಪೈಸೆ; ಅಂದಿನ ಮಾರುಕಟ್ಟೆ ದರದಲ್ಲಿ ಸುಮಾರು 50 ಪೈಸೆ.