ಗೆದ್ದ ಮೇಲೆ ಕೇಸು ವಾಪಸ್: ಈ ಭರವಸೆ ಎಲ್ಲಿಯವರೆಗೆ ನಡೆಯುತ್ತದೆ?

ಬಿ.ಎಸ್. ಯಡಿಯೂರಪ್ಪ 2019ರ ಜುಲೈ 26ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ವಿರಾಜಪೇಟೆಯ ಆಗಿನ ಶಾಸಕ ಕೆ.ಜಿ. ಬೋಪಯ್ಯ ಬರೆದ ಪತ್ರದ ಬೆನ್ನಲ್ಲೇ, ಜುಲೈ 30ರಂದು, ಟಿಪ್ಪು ಜಯಂತಿಯ ಸರ್ಕಾರಿ ಆಚರಣೆ ರದ್ದಾಯಿತು. ಕೊಡಗಿನಲ್ಲಿ ವರ್ಷಗಟ್ಟಲೆ ಕೇಳಿಬಂದಿದ್ದ ಒಂದು ಭರವಸೆ ನಾಲ್ಕೇ ದಿನದಲ್ಲಿ ಈಡೇರಿತು.

ಜಯಂತಿಯ ವಿರುದ್ಧದ ಹೋರಾಟದ ಜೊತೆ ಹುಟ್ಟಿದ ಕ್ರಿಮಿನಲ್ ಕೇಸುಗಳಿಗೆ ಮಾತ್ರ ಇಷ್ಟು ಚುರುಕಾದ ದಾರಿ ಇಲ್ಲ. 2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ಜಯಂತಿಯ ವಿಚಾರವಾಗಿ ನಡೆದ ಘರ್ಷಣೆಯಲ್ಲಿ ಜೀವಹಾನಿಯಾಯಿತು, ಹಲವರ ಮೇಲೆ ಎಫ್‌ಐಆರ್ ದಾಖಲಾಯಿತು. ಆಮೇಲೆ 2018ರವರೆಗೆ ಪ್ರತಿ ನವೆಂಬರ್ ಬಂದಾಗಲೂ ಜಿಲ್ಲೆಯಲ್ಲಿ ನಿಷೇಧಾಜ್ಞೆ, ಪ್ರತಿಭಟನೆ, ಬಂಧನ. ಇಂಥ ಕಾಲದಲ್ಲಿ ಯಾವ ಪಕ್ಷದ ವೇದಿಕೆಯಲ್ಲಾದರೂ ಕೇಳುವ ಮಾತೊಂದಿದೆ: ನಮ್ಮ ಸರ್ಕಾರ ಬರಲಿ, ನಿಮ್ಮ ಮೇಲಿನ ಕೇಸು ವಾಪಸ್ ತೆಗೆಸುತ್ತೇವೆ.

ಗೆದ್ದವರು ಆ ಮಾತು ಉಳಿಸಿಕೊಳ್ಳುತ್ತಾರೆಯೇ? ಕರ್ನಾಟಕದ ದಾಖಲೆ ನೋಡಿದರೆ ಗೆದ್ದ ಸರ್ಕಾರಗಳು ಮೊದಲ ಹೆಜ್ಜೆಯನ್ನು ಬಹಳ ಸಲ ಇಟ್ಟಿವೆ. ಕೊನೆಯ ಹೆಜ್ಜೆ ಮಾತ್ರ ಯಾವ ಮುಖ್ಯಮಂತ್ರಿಯ ಕೈಯಲ್ಲೂ ಇಲ್ಲ. ಅದು ನ್ಯಾಯಾಲಯದ್ದು. ಇದು ತಿಳಿಯದೆ ಭರವಸೆಯನ್ನು ನಂಬಿ ಕುಳಿತ ಯುವಕರು ಕಳೆದುಕೊಳ್ಳುವುದು ಬಹಳ. ಆದ್ದರಿಂದ ವ್ಯವಸ್ಥೆ ಹೇಗೆ ನಡೆಯುತ್ತದೆಂಬುದನ್ನು ಹಂತ ಹಂತವಾಗಿ ನೋಡೋಣ.

ಶಿಕ್ಷೆಗೆ ಮುಂಚೆ ಒಂದು ದಾರಿ, ಆಮೇಲೆ ಇನ್ನೊಂದು

ಕ್ಷಮಾದಾನ ಎಂದರೆ ಶಿಕ್ಷೆಯಾದ ಮೇಲಿನ ಮಾತು. ಸಂವಿಧಾನದ 72ನೇ ವಿಧಿಯಡಿ ರಾಷ್ಟ್ರಪತಿಗೆ, 161ನೇ ವಿಧಿಯಡಿ ರಾಜ್ಯಪಾಲರಿಗೆ ಶಿಕ್ಷೆಯನ್ನು ಮನ್ನಾ ಮಾಡುವ, ಕಡಿಮೆ ಮಾಡುವ ಅಧಿಕಾರವಿದೆ. ಇಬ್ಬರೂ ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು. ಇದರ ಹೊರತಾಗಿ, ಸನ್ನಡತೆಯ ಆಧಾರದ ಮೇಲೆ ಶಿಕ್ಷೆ ತಗ್ಗಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಇದೆ. ಆದರೆ ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಶಿಕ್ಷೆ ಆದವರು ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆದಿರಲೇಬೇಕು.

ಕೇಸು ಇನ್ನೂ ನಡೆಯುತ್ತಿದ್ದರೆ ದಾರಿ ಬೇರೆ. ಅದು ಅಭಿಯೋಜನೆಯನ್ನು ಹಿಂತೆಗೆದುಕೊಳ್ಳುವ ಕ್ರಮ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 321ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360ನೇ ಕಲಂ. ಪ್ರತಿಭಟನೆಯ ಕೇಸುಗಳ ಬಗ್ಗೆ ರಾಜಕಾರಣಿಗಳು ಕೊಡುವ ಭರವಸೆಯೆಲ್ಲ ಹೆಚ್ಚುಕಡಿಮೆ ಈ ಒಂದು ಕಲಮಿನ ಮೇಲೆ ನಿಂತಿದೆ.

ಕಡತ ಸಾಗುವ ದಾರಿ

ಮೊದಲು ಶಾಸಕರೋ ಸಂಘಟನೆಯೋ ಮುಖ್ಯಮಂತ್ರಿಗೆ ಅಥವಾ ಗೃಹ ಸಚಿವರಿಗೆ ಮನವಿ ಕೊಡುತ್ತಾರೆ. ಗೃಹ ಇಲಾಖೆ ಪೊಲೀಸರಿಂದಲೂ ಅಭಿಯೋಜನಾ ಇಲಾಖೆಯಿಂದಲೂ ಕಾನೂನು ಇಲಾಖೆಯಿಂದಲೂ ಅಭಿಪ್ರಾಯ ಕೇಳುತ್ತದೆ. ಇವರು ಬೇಡವೆಂದು ಬರೆದ ಪ್ರಕರಣಗಳನ್ನೂ ಮುಂದಕ್ಕೆ ಕಳಿಸಿದ ಉದಾಹರಣೆಗಳಿವೆ. ಆಮೇಲೆ ಸಂಪುಟ ಉಪಸಮಿತಿ ಪರಿಶೀಲಿಸುತ್ತದೆ, ಸಂಪುಟ ಒಪ್ಪುತ್ತದೆ, ಸರ್ಕಾರಿ ಆದೇಶ ಹೊರಬೀಳುತ್ತದೆ. ಪತ್ರಿಕೆಗಳಲ್ಲಿ ‘ಕೇಸು ವಾಪಸ್’ ಎಂದು ಸುದ್ದಿ ಬರುವುದು ಈ ಹಂತದಲ್ಲಿ. ಆದರೆ ಆ ದಿನ ಒಂದು ಕೇಸೂ ವಾಪಸ್ ಆಗಿರುವುದಿಲ್ಲ.

ಆದೇಶ ಬಂದ ಮೇಲೆ ಸರ್ಕಾರಿ ಅಭಿಯೋಜಕರು, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್, ಕಡತವನ್ನು ತಾವೇ ಓದಿ, ಹಿಂತೆಗೆದುಕೊಳ್ಳುವುದು ಸರಿಯೆಂದು ತಮಗೇ ಮನವರಿಕೆಯಾದರೆ ಮಾತ್ರ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಸರ್ಕಾರ ಹೇಳಿತೆಂದು ಸಹಿ ಹಾಕಿದರೆ ಅದು ಕಾನೂನಿನ ಮುಂದೆ ನಿಲ್ಲದು. ಅರ್ಜಿ ಬಂದಾಗ ನ್ಯಾಯಾಧೀಶರು ನೋಡುವುದು ಎರಡು ವಿಷಯ: ಇದು ಸದುದ್ದೇಶದಿಂದ ಬಂದಿದೆಯೇ, ಸಾರ್ವಜನಿಕ ನ್ಯಾಯಕ್ಕೆ ಇದರಿಂದ ಒಳಿತಾಗುತ್ತದೆಯೇ. ಅವರು ಒಪ್ಪಿಗೆ ಕೊಟ್ಟರೆ, ದೋಷಾರೋಪ ಹೊರಿಸುವ ಮೊದಲಾದರೆ ಆರೋಪಿ ಬಿಡುಗಡೆ, ಹೊರಿಸಿದ ಮೇಲಾದರೆ ಖುಲಾಸೆ. ತೀರ್ಪು ಬಂದ ಮೇಲೆ ಈ ದಾರಿಯೇ ಮುಚ್ಚಿಹೋಗುತ್ತದೆ.

ಇನ್ನೂ ಮೂರು ತಡೆಗಳಿವೆ. ಸಿಬಿಐ ತನಿಖೆ ಮಾಡಿದ ಅಥವಾ ಕೇಂದ್ರ ಸರ್ಕಾರದ ಆಸ್ತಿಗೆ ಹಾನಿಯಾದ ಪ್ರಕರಣಗಳಿಗೆ ಕೇಂದ್ರದ ಅನುಮತಿ ಬೇಕು. ಹಾಲಿ ಅಥವಾ ಮಾಜಿ ಶಾಸಕ, ಸಂಸದರ ಮೇಲಿನ ಕೇಸನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂತೆಗೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 10ರಂದು ಆದೇಶಿಸಿತು. ಹೊಸ ಸಂಹಿತೆಯ 360ನೇ ಕಲಂ, ನೊಂದವರ ಮಾತು ಕೇಳದೆ ನ್ಯಾಯಾಲಯ ಒಪ್ಪಿಗೆ ಕೊಡಬಾರದೆಂದು ಹೇಳುತ್ತದೆ. ಈ ಮೂರನೆಯದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಲ್ಲೇಟು ತಿಂದವರನ್ನು, ಅಂಗಡಿ ಸುಟ್ಟುಹೋದವರನ್ನು, ಮನೆಯವರನ್ನು ಕಳೆದುಕೊಂಡವರನ್ನು ಇಷ್ಟು ದಿನ ಯಾರೂ ಕೇಳಬೇಕಾಗಿರಲಿಲ್ಲ. ಈಗ ಕೇಳಲೇಬೇಕು.

ಯಾವ ಪಕ್ಷ ಏನು ಮಾಡಿತು

ಈ ವಿಷಯದಲ್ಲಿ ಪಕ್ಷಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ. 2015ರಲ್ಲಿ ಸಿದ್ದರಾಮಯ್ಯ ಸರ್ಕಾರ ಪಿಎಫ್ಐ ಮತ್ತು ಕೆಎಫ್‌ಡಿ ಸಂಘಟನೆಗಳ ಸುಮಾರು 1,600 ಕಾರ್ಯಕರ್ತರ ಮೇಲಿನ 175 ಪ್ರಕರಣಗಳನ್ನು ಹಿಂಪಡೆಯಲು ತೀರ್ಮಾನಿಸಿತು. ಮುಂದೆ ಪಿಎಫ್ಐ ನಿಷೇಧವಾದಾಗ ಬಿಜೆಪಿ ಅದನ್ನೇ ಹಿಡಿದು ಟೀಕಿಸಿತು.

ಬಿಜೆಪಿ ಸರ್ಕಾರ ಬಂದಾಗ 2020ರ ಆಗಸ್ಟ್ 31ರಂದು ಒಂದೇ ಆದೇಶದಲ್ಲಿ 61 ಪ್ರಕರಣಗಳನ್ನು ಹಿಂಪಡೆಯಲು ಹೊರಟಿತು. ಆಗ ಸಚಿವರಾಗಿದ್ದವರ ಹೆಸರುಗಳ ಜೊತೆಗೆ, ಮೈಸೂರು–ಕೊಡಗು ಸಂಸದರಾಗಿದ್ದ ಪ್ರತಾಪ್ ಸಿಂಹ ಅವರ ಹೆಸರೂ ಪತ್ರಿಕೆಗಳಲ್ಲಿ ಬಂದ ಪಟ್ಟಿಯಲ್ಲಿತ್ತು. ಪಿಯುಸಿಎಲ್ ಸಂಘಟನೆ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಅದೇ ವರ್ಷದ ಡಿಸೆಂಬರ್ 21ರಂದು ತಡೆ ನೀಡಿತು. 2020ರಿಂದ 2023ರ ನಡುವೆ ಏಳು ಆದೇಶಗಳ ಮೂಲಕ 385 ಪ್ರಕರಣಗಳನ್ನು ಹಿಂಪಡೆಯಲು ಹೇಳಲಾಗಿತ್ತೆಂದೂ ಅವುಗಳಲ್ಲಿ 182 ದ್ವೇಷ ಭಾಷಣ, ಗೋರಕ್ಷಣೆಯ ಹೆಸರಿನ ಹಲ್ಲೆ, ಕೋಮು ಘರ್ಷಣೆಗೆ ಸಂಬಂಧಿಸಿದ್ದವೆಂದೂ ಮಾಹಿತಿ ಹಕ್ಕಿನಡಿ ಬೆಳಕಿಗೆ ಬಂತು.

ಮತ್ತೆ ಕಾಂಗ್ರೆಸ್ ಬಂತು. 2024ರ ಅಕ್ಟೋಬರಿನಲ್ಲಿ ಸಂಪುಟ 43 ಪ್ರಕರಣಗಳನ್ನು ಹಿಂಪಡೆಯಲು ನಿರ್ಧರಿಸಿತು. 2022ರ ಏಪ್ರಿಲಿನಲ್ಲಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ನಡೆದ ಗಲಭೆಯ ಪ್ರಕರಣವೂ ಅದರಲ್ಲಿತ್ತು. 2025ರ ಮೇ 29ರಂದು ಹೈಕೋರ್ಟ್ ಆ ಆದೇಶವನ್ನೇ ರದ್ದುಮಾಡಿತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಗೆದ್ದವರು ತಮ್ಮವರನ್ನು ಮರೆಯುವುದಿಲ್ಲ, ಆದೇಶ ಹೊರಡಿಸಿಯೇ ಹೊರಡಿಸುತ್ತಾರೆ. ಆ ಆದೇಶ ಕಟಕಟೆಯ ಮುಂದೆ ನಿಲ್ಲುತ್ತದೆಯೇ ಎಂಬುದು ಬೇರೆ ಲೆಕ್ಕ.

ನ್ಯಾಯಾಲಯ ಒಪ್ಪಿದ್ದೂ ಇದೆ, ತಳ್ಳಿಹಾಕಿದ್ದೂ ಇದೆ

ಕೇಸು ಹಿಂತೆಗೆಯುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ತುರ್ತುಪರಿಸ್ಥಿತಿಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರ ಮೇಲೆ ಬರೋಡಾ ಡೈನಮೈಟ್ ಪ್ರಕರಣ ಹಾಕಲಾಗಿತ್ತು. ಅದೇ ಪ್ರಕರಣದ ಸಂಬಂಧ ಬಂಧಿತರಾಗಿ ಬೆಂಗಳೂರು ಜೈಲಿನಲ್ಲಿ ನರಳಿದ ನಟಿ ಸ್ನೇಹಲತಾ ರೆಡ್ಡಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಜೈಲಿನಿಂದಲೇ ಮುಜಫ್ಫರ್‌ಪುರದಲ್ಲಿ ಸ್ಪರ್ಧಿಸಿದ ಫರ್ನಾಂಡಿಸ್ ಗೆದ್ದರು, ಜನತಾ ಪಕ್ಷ ಅಧಿಕಾರಕ್ಕೆ ಬಂದೊಡನೆ ಕೇಸು ವಾಪಸಾಯಿತು. 1980ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾರ್ವಜನಿಕ ಶಾಂತಿ ನೆಲೆಗೊಳ್ಳಲು, ರಾಜಕೀಯ ಹೋರಾಟದ ಗಾಯ ಆರಲು ಕೇಸು ಬಿಡುವುದು ಕೆಲವೊಮ್ಮೆ ಸರಿಯಾದ ದಾರಿಯೇ.

ಎಲ್ಲದಕ್ಕೂ ಆ ಮಾತು ಸಲ್ಲದು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ, ಅವನ ಬೇಡಿಕೆಯಂತೆ ಮೈಸೂರಿನಲ್ಲಿದ್ದ ಟಾಡಾ ಆರೋಪಿಗಳ ಮೇಲಿನ ಆರೋಪ ಕೈಬಿಡಲು ರಾಜ್ಯ ಮುಂದಾಯಿತು. ವೀರಪ್ಪನ್ ತಂಡದ ಗುಂಡಿಗೆ ಬಲಿಯಾದ ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡು ರಾಜ್‌ಕುಮಾರ್ ಅವರ ದಾರಿ ಕಾಯುತ್ತಿದ್ದಾಗಲೂ ಕೋರ್ಟ್ ನವೆಂಬರ್ 7ರಂದು ಆ ಕ್ರಮವನ್ನು ತಳ್ಳಿಹಾಕಿತು. ನಾಡಿನ ಅಷ್ಟು ದೊಡ್ಡ ಸಂಕಟದಲ್ಲಿಯೂ ಬಾಗದ ನಿಯಮ, ಚುನಾವಣಾ ಭಾಷಣಕ್ಕೆ ಬಾಗುತ್ತದೆಂದು ನಂಬಲು ಕಾರಣವಿಲ್ಲ.

ಮಾಕುಟ್ಟದ ಆಚೆ ಕೇರಳದಲ್ಲೂ ಇದೇ ಕಥೆ. 2015ರ ಮಾರ್ಚ್ 13ರಂದು ವಿಧಾನಸಭೆಯೊಳಗೇ ಪೀಠೋಪಕರಣ, ಮೈಕ್ ಧ್ವಂಸ ಮಾಡಿದ ಎಡರಂಗದ ಶಾಸಕರ ಮೇಲೆ ಕೇಸಾಯಿತು. ಮರುವರ್ಷ ಎಡರಂಗವೇ ಅಧಿಕಾರಕ್ಕೆ ಬಂದು ಹಿಂಪಡೆಯಲು ಹೊರಟಿತು. 2021ರ ಜುಲೈ 28ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆರೋಪಿಗಳಲ್ಲೊಬ್ಬರಾದ ವಿ. ಶಿವನ್‌ಕುಟ್ಟಿ ಅಷ್ಟರಲ್ಲಿ ಶಿಕ್ಷಣ ಸಚಿವರಾಗಿದ್ದರು.

ಶಿಕ್ಷೆಯಾದ ಮೇಲಿನ ಕ್ಷಮೆಗೂ ಇದೇ ಕಟ್ಟು. ಆಂಧ್ರದಲ್ಲಿ ಕೊಲೆ ಪ್ರಕರಣದ ಅಪರಾಧಿಯೊಬ್ಬರ ಶಿಕ್ಷೆಯನ್ನು 2005ರಲ್ಲಿ ರಾಜ್ಯಪಾಲರು ಮನ್ನಾ ಮಾಡಿದರು. ಅವರು ಆಡಳಿತ ಪಕ್ಷದ ಒಳ್ಳೆಯ ಕಾರ್ಯಕರ್ತರೆಂಬ ಮಾತೂ ಕಡತದಲ್ಲಿತ್ತು. ಕ್ಷಮೆಗೆ ಜಾತಿ, ಧರ್ಮ, ಪಕ್ಷ ಆಧಾರವಾಗಬಾರದೆಂದು ಹೇಳಿ 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಗುಜರಾತಿನ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳಿಗೆ ಸಿಕ್ಕಿದ್ದ ಬಿಡುಗಡೆಯೂ 2024ರ ಜನವರಿ 8ರಂದು ರದ್ದಾಯಿತು, ಅವರು ಮತ್ತೆ ಜೈಲಿಗೆ ಮರಳಿದರು.

ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಸಂಸತ್ ಭವನದ ಮೇಲಿನ ದಾಳಿಯ ಸುಮಾರು 1,500 ಮಂದಿಗೆ ಕ್ಷಮೆ ಕೊಟ್ಟರು. ಅಲ್ಲಿನ ಸಂವಿಧಾನ ಆ ಅಧಿಕಾರವನ್ನು ಅಧ್ಯಕ್ಷರೊಬ್ಬರಿಗೇ ಕೊಟ್ಟಿದೆ. ಆ ಸುದ್ದಿ ನೋಡಿ ಇಲ್ಲೂ ಹಾಗೇ ಆಗುತ್ತದೆಂದು ತಿಳಿಯಬೇಡಿ. ನಮ್ಮಲ್ಲಿ ಯಾರ ಕೈಯಲ್ಲೂ ಅಂಥ ಒಂಟಿ ಅಧಿಕಾರವಿಲ್ಲ.

ನಿಮ್ಮ ಮೇಲೆ ಕೇಸಿದ್ದರೆ

ಕೊಡಗಿನಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಮನೆಮನೆಯಿಂದ ಸೇನೆಗೆ ಮಕ್ಕಳನ್ನು ಕಳಿಸುವ ಜಿಲ್ಲೆ ಇದು. ಸೇನೆಗಾಗಲಿ ಸರ್ಕಾರಿ ಕೆಲಸಕ್ಕಾಗಲಿ ಆಯ್ಕೆಯಾದವರ ಪೂರ್ವಾಪರವನ್ನು ಪೊಲೀಸರು ಪರಿಶೀಲಿಸುತ್ತಾರೆ. ಪಾಸ್‌ಪೋರ್ಟ್ ಅರ್ಜಿಯೂ ಬಾಕಿಯಿರುವ ಕ್ರಿಮಿನಲ್ ಕೇಸಿನ ಕಾರಣಕ್ಕೆ ನಿಲ್ಲಬಹುದು, ಕೋರ್ಟಿನ ಅನುಮತಿ ತರಬೇಕಾಗಬಹುದು. ಹತ್ತೊಂಬತ್ತರ ಹುಡುಗನ ಮೇಲೆ ಬಿದ್ದ ಕೇಸು ಇತ್ಯರ್ಥವಾಗುವಷ್ಟರಲ್ಲಿ ನೇಮಕಾತಿಯ ವಯಸ್ಸೇ ಮೀರಿರುತ್ತದೆ. ಭಾಷಣ ಮಾಡಿದವರಿಗೆ ಈ ನಷ್ಟ ತಟ್ಟುವುದಿಲ್ಲ.

ಆದ್ದರಿಂದ ಮೊದಲ ಕೆಲಸ: ವಾಯಿದೆ ತಪ್ಪಿಸಬೇಡಿ. ಕೇಸು ವಾಪಸಾಗುತ್ತದೆಂದು ನಂಬಿ ಕೋರ್ಟಿಗೆ ಹೋಗದಿದ್ದರೆ ವಾರಂಟ್ ಬರುತ್ತದೆ, ಜಾಮೀನು ರದ್ದಾಗಬಹುದು. ಸರ್ಕಾರಿ ಆದೇಶ ಪತ್ರಿಕೆಯಲ್ಲಿ ಬಂದ ಮೇಲೂ, ನ್ಯಾಯಾಧೀಶರು ಒಪ್ಪಿಗೆ ಕೊಡುವವರೆಗೆ ನೀವು ಆರೋಪಿಯೇ.

ಎರಡನೆಯದು: ಕೇಸಿನ ಸಿಎನ್‌ಆರ್ ಸಂಖ್ಯೆ ಇಟ್ಟುಕೊಳ್ಳಿ. ಇ–ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ, ಯಾವ ನ್ಯಾಯಾಲಯವಾದರೂ ಕೇಸು ಯಾವ ಹಂತದಲ್ಲಿದೆಯೆಂದು ತಿಳಿಯುತ್ತದೆ. ಹಿಂತೆಗೆಯುವ ಅರ್ಜಿ ಬಂದಿದೆಯೇ ಎಂಬುದನ್ನು ನಿಮ್ಮ ವಕೀಲರ ಮೂಲಕ ಖಚಿತಪಡಿಸಿಕೊಳ್ಳಿ.

ಮೂರನೆಯದು: ಮನವಿ ಕೊಟ್ಟಿದ್ದೇವೆಂದು ನಾಯಕರು ಹೇಳಿದರೆ ಅದರ ಪ್ರತಿ ಕೇಳಿ. ಕಡತ ಎಲ್ಲಿದೆಯೆಂದು ಮಾಹಿತಿ ಹಕ್ಕಿನಡಿ ಗೃಹ ಇಲಾಖೆಗೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

ನಾಲ್ಕನೆಯದು: ಬೇರೆ ದಾರಿಗಳನ್ನು ಬಿಡಬೇಡಿ. ಸಾಕ್ಷ್ಯವೇ ಇಲ್ಲದಿದ್ದರೆ ವಿಚಾರಣೆಗೆ ಮುಂಚೆಯೇ ಆರೋಪಮುಕ್ತಿ ಕೇಳಬಹುದು. ಕೇಸೇ ಕಾನೂನುಬಾಹಿರವಾಗಿದ್ದರೆ ಹೈಕೋರ್ಟಿನಲ್ಲಿ ರದ್ದತಿ ಕೋರಬಹುದು. ಸಣ್ಣ ಅಪರಾಧಗಳಲ್ಲಿ ಕೆಲವನ್ನು ದೂರುದಾರರ ಒಪ್ಪಿಗೆಯಿಂದ ರಾಜಿ ಮಾಡಿಕೊಳ್ಳಬಹುದು. ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ.

ನೀವು ನೊಂದವರ ಕಡೆಯವರಾದರೆ, ಆರೋಪಿಗಳ ಕೇಸು ಹಿಂಪಡೆಯುವ ಅರ್ಜಿ ಬಂದಾಗ ನಿಮ್ಮ ಮಾತು ಕೇಳಬೇಕೆಂದು ನ್ಯಾಯಾಲಯಕ್ಕೆ ತಿಳಿಸಿ. ಅದು ಈಗ ನಿಮ್ಮ ಹಕ್ಕು.

ಮತ ಕೇಳಲು ಬಂದಾಗ ಕೇಳಬೇಕಾದದ್ದು

ಮುಂದಿನ ಚುನಾವಣೆಯಲ್ಲೂ ಈ ಭರವಸೆ ಬರುತ್ತದೆ. ಆಗ ಮೂರು ಪ್ರಶ್ನೆ ಕೇಳಿ. ಯಾವ ಬಗೆಯ ಕೇಸುಗಳನ್ನು ಹಿಂಪಡೆಯುತ್ತೀರಿ, ರಸ್ತೆ ತಡೆದದ್ದನ್ನೋ, ಮನುಷ್ಯರ ಮೇಲೆ ಕೈ ಮಾಡಿದ್ದನ್ನೂ ಸೇರಿಸಿಯೋ? ಅದೇ ನಿಯಮ ಎದುರು ಪಕ್ಷದ ಹುಡುಗರಿಗೂ ಅನ್ವಯಿಸುತ್ತದೆಯೇ? ಪಟ್ಟಿಯನ್ನೂ ಕಾರಣವನ್ನೂ ಬಹಿರಂಗವಾಗಿ ಪ್ರಕಟಿಸುತ್ತೀರಾ?

ಶಾಂತವಾಗಿ ಪ್ರತಿಭಟಿಸಿದವರ ಮೇಲಿನ ಕೇಸನ್ನು ಪಕ್ಷ ನೋಡದೆ ಹಿಂಪಡೆಯುವ ಸರ್ಕಾರ ನ್ಯಾಯದ ಕೆಲಸ ಮಾಡುತ್ತದೆ, ಅಂಥ ಆದೇಶ ಕೋರ್ಟಿನಲ್ಲಿ ನಿಲ್ಲುವ ಸಾಧ್ಯತೆಯೂ ಹೆಚ್ಚು. ತಮ್ಮವರೆಂಬ ಒಂದೇ ಕಾರಣಕ್ಕೆ ಹಿಂಸೆಯ ಕೇಸನ್ನು ಬಿಡಿಸಲು ಹೊರಟ ಸರ್ಕಾರ ನೊಂದವರಿಗೂ ಅನ್ಯಾಯ ಮಾಡುತ್ತದೆ, ಕೊನೆಗೆ ತಡೆಯಾಜ್ಞೆಗೆ ಸಿಕ್ಕಿ ತನ್ನ ಕಾರ್ಯಕರ್ತರನ್ನೂ ಕೈಬಿಡುತ್ತದೆ. ವೇದಿಕೆಯ ಕೆಳಗೆ ನಿಂತ ಹುಡುಗ ಈ ಎರಡರ ವ್ಯತ್ಯಾಸವನ್ನು ಕಲ್ಲು ಕೈಗೆತ್ತಿಕೊಳ್ಳುವ ಮೊದಲೇ ತಿಳಿದಿರಬೇಕು. ಅದನ್ನು ಅವನಿಗೆ ಹೇಳುವ ಹೊಣೆ ಮನೆಯ ಹಿರಿಯರದ್ದು, ಊರಿನ ವಕೀಲರದ್ದು, ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಬೀದಿಗೆ ಕರೆದ ನಾಯಕರದ್ದು.