ಹಿಂದಿನಿಂದ ಗುದ್ದಿದವನದೇ ತಪ್ಪಂತೆ!

"ತಪ್ಪು ನಮ್ಮ ಹುಡುಗಂದೇ ಬಿಡಿ ಸಾರ್. ನಿಂತಿದ್ದ ಲಾರಿಗೆ ಹಿಂದಿನಿಂದ ಹೋಗಿ ಗುದ್ದಿದಾನೆ. ನಿಂತಿರೋ ಗಾಡಿ ಏನ್ ಮಾಡುತ್ತೆ, ಪಾಪ?"

ಹಿರಿಯೂರಿನ ಕಡೆಯಿಂದ ಬಂದವರೊಬ್ಬರು ನನ್ನೆದುರು ಕೂತು ಹೀಗೆಂದಾಗ ಅವರ ತಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಪಕ್ಕದಲ್ಲಿ ತಮ್ಮನ ಹೆಂಡತಿ. ಅವರು ಬಂದದ್ದು ಪರಿಹಾರದ ವಿಚಾರಕ್ಕಲ್ಲ, ಸತ್ತವನ ಬ್ಯಾಂಕ್ ಖಾತೆಯಲ್ಲಿದ್ದ ಚೂರುಪಾರು ಹಣ ಬಿಡಿಸಿಕೊಳ್ಳಲು ಏನು ಕಾಗದ ಬೇಕು ಎಂದು ಕೇಳಲು. ಲಾರಿಗೆ ಪಾಪ ಅನ್ನುವ ಜನ ಆ ಹೆಣ್ಣುಮಗಳಿಗೆ ಮಾತ್ರ ಐದು ತಿಂಗಳಿಂದ "ಹಣೆಬರಹ" ಅನ್ನುತ್ತಿದ್ದರು.

ಮೋಟಾರು ಅಪಘಾತದ ಕೇಸು ನಡೆಸುವವನಿಗೆ ತಪ್ಪು ಕಲ್ಪನೆಗಳ ಬರವಿಲ್ಲ. ಹೆಚ್ಚಿನವಕ್ಕೆ ನಕ್ಕು ಸುಮ್ಮನಾಗುತ್ತೇನೆ. ಇದೊಂದಕ್ಕೆ ಮಾತ್ರ ಈಗಲೂ ತಲೆ ಕೆಡುತ್ತದೆ, ಏಕೆಂದರೆ ಇದನ್ನು ನಂಬಿದವರು ಜಗಳಕ್ಕೂ ಬರುವುದಿಲ್ಲ, ಸುಮ್ಮನೆ ಮನೆಗೆ ಹೋಗಿಬಿಡುತ್ತಾರೆ.

"ಹಿಂದಿನಿಂದ ಗುದ್ದಿದವನದೇ ತಪ್ಪು" ಅನ್ನುವ ಮಾತು ಹುಟ್ಟಿದ್ದು ಸಿಗ್ನಲ್ಲಿನ ಜಗಳಗಳಲ್ಲಿ. ಮುಂದಿನ ಗಾಡಿಯಿಂದ ಅಂತರ ಕಾಯ್ದುಕೋ ಎಂಬ ನಿಯಮ ಓಡುವ ಗಾಡಿಗಳ ನಡುವಿನದು. ಅದನ್ನು ತಂದು, ರಾತ್ರಿ ಹೆದ್ದಾರಿಯ ಎಡ ಲೇನಿನಲ್ಲಿ ದೀಪವಿಲ್ಲದೆ ನಿಂತ ಹತ್ತು ಚಕ್ರದ ಲಾರಿಗೆ ಅಂಟಿಸಿದರೆ ಹೇಗೆ? ಮೋಟಾರು ವಾಹನ ಕಾಯ್ದೆ 1988ರ 122ನೇ ಕಲಮು ನೇರವಾಗಿಯೇ ಹೇಳುತ್ತದೆ: ಬೇರೆಯವರಿಗೆ ಅಪಾಯವಾಗುವಂತೆ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು. ಹಿಂದೆ ರಿಫ್ಲೆಕ್ಟರ್, ನಿಂತಾಗ ಪಾರ್ಕಿಂಗ್ ಲೈಟು, ಕೆಟ್ಟು ನಿಂತರೆ ಇಡಲು ಕೆಂಪು ತ್ರಿಕೋನ, ಕಾರು ಕೆಳಗೆ ನುಗ್ಗದಂತೆ ಹಿಂಬದಿಗೆ ಅಡ್ಡಕಂಬಿ ಎಲ್ಲಕ್ಕೂ ನಿಯಮಗಳಿವೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಡಿಮ್ ಲೈಟಿನ ಬೆಳಕು ಚಾಚುವುದು ಸುಮಾರು 40-50 ಮೀಟರ್. ಕತ್ತಲಲ್ಲಿ ಕಪ್ಪು ಟಾರ್ಪಾಲು ಹೊದ್ದ ಲಾರಿ ಕಾಣಿಸಿದ ಮೇಲೆ ಸವಾರನಿಗೆ ಉಳಿಯುವುದು ಎರಡು ಸೆಕೆಂಡು. ಅಷ್ಟರಲ್ಲಿ ಅದು ನಿಂತಿದೆಯೋ ಓಡುತ್ತಿದೆಯೋ ಎಂದು ತಿಳಿಯುವುದೇ ಕಷ್ಟ.

ಹಾಗೆಂದು ಪ್ರತಿ ಸಲವೂ ಲಾರಿಯವನದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಟಾರು ಬಿಟ್ಟು ಕೆಳಗಿಳಿಸಿ, ದೀಪ ಹಾಕಿ ನಿಲ್ಲಿಸಿದ ಗಾಡಿಗೆ ನಿದ್ದೆಗಣ್ಣಲ್ಲಿ ಹೋಗಿ ಗುದ್ದಿದರೆ ಯಾವ ವಕೀಲನೂ ಪವಾಡ ಮಾಡಲಾರ. ಆದರೆ ರಸ್ತೆಯ ನಡುವೆ ದೀಪವಿಲ್ಲದೆ ನಿಂತ ಗ್ಯಾಸ್ ಟ್ಯಾಂಕರಿಗೆ ಕಾರು ಗುದ್ದಿದ ಪ್ರಕರಣವೊಂದರಲ್ಲಿ ಕಾರಿನವರ ಮೇಲೆ ಪಾಲು ತಪ್ಪನ್ನೂ ಹೊರಿಸಲಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. "ನಿಂತ ಗಾಡಿ ಏನು ಮಾಡುತ್ತೆ" ಎಂಬುದಕ್ಕೆ ಉತ್ತರ ಅದಕ್ಕಿಂತಲೂ ಹಳೆಯದು. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ರಾತ್ರಿ ಪೆಟ್ರೋಲ್ ಟ್ಯಾಂಕರೊಂದು ಉರುಳಿತು. ಕೆಲವು ಗಂಟೆಗಳ ಮೇಲೆ, ಬೆಳಿಗ್ಗೆ, ಸುತ್ತ ನೆರೆದವರ ನಡುವೆ ಸ್ಫೋಟಿಸಿತು. ಬಿದ್ದು ಗಂಟೆಗಟ್ಟಲೆ ಅಲುಗಾಡದ ಗಾಡಿಯೂ ಕಾನೂನಿನ ಕಣ್ಣಲ್ಲಿ "ಬಳಕೆಯಲ್ಲಿರುವ ವಾಹನ"ವೇ ಎಂದು 1991ರಲ್ಲಿ ತೀರ್ಮಾನವಾಯಿತು.

ಹಿರಿಯೂರಿನವರು ತಂದಿದ್ದ ಪ್ಲಾಸ್ಟಿಕ್ ಕವರಿಗೆ ಬರುತ್ತೇನೆ. ಒಳಗಿದ್ದ ಎಫ್‌ಐಆರ್‌ನಲ್ಲಿ ಆರೋಪಿ ಯಾರು ಗೊತ್ತೇ? ಸತ್ತವನೇ. ಅತಿವೇಗ, ಅಜಾಗರೂಕತೆ. ಬರೆಸಿದವನು ಲಾರಿಯ ಕ್ಲೀನರ್. ಬದುಕಿದ್ದವನು ಅವನು, ಮಾತಾಡಬಲ್ಲವನು ಅವನು. ಮನೆಯವರು ಆ ಒಂದು ಹಾಳೆಯನ್ನು ತೀರ್ಪು ಎಂದುಕೊಂಡು ಮಡಚಿಟ್ಟಿದ್ದರು. ಎಫ್‌ಐಆರ್ ದೂರಿನ ದಾಖಲೆ ಅಷ್ಟೆ, ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ತನ್ನದೇ ವಿಚಾರಣೆ ನಡೆಸುತ್ತದೆ. ಅಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆಯೂ ಬೇಡ, ಯಾವುದು ಹೆಚ್ಚು ಸಂಭವ ಎಂಬುದನ್ನು ತೂಗುತ್ತಾರೆ. ಸತ್ತವನ ಮೇಲೆ ಕೇಸಿದ್ದರೆ ದಾರಿ ಕಡಿದು ಹೌದು, ಮುಚ್ಚಿಲ್ಲ.

ಅದೇ ಕವರಿನಲ್ಲಿ ಮಹಜರೂ ಇತ್ತು, ಯಾರೂ ಓದಿರಲಿಲ್ಲ. ಎರಡನೇ ಪುಟದಲ್ಲಿ ಬರೆದಿತ್ತು: ಲಾರಿಯ ಹಿಂಭಾಗದಿಂದ ಆರಡಿ ದೂರದಲ್ಲಿ ಮೂರು ಕಲ್ಲು, ಅವುಗಳ ಮೇಲೆ ಒಂದು ಹಸಿ ಕೊಂಬೆ ಅಡ್ಡಲಾಗಿ ಇಟ್ಟಿರುತ್ತದೆ. ಬೈಕು ಲಾರಿಯ ಅಡಿಗೆ ಸಿಕ್ಕಿಕೊಂಡಿರುತ್ತದೆ. ನಮ್ಮ ಹೆದ್ದಾರಿಯ ಎಚ್ಚರಿಕೆ ಫಲಕ ಎಂದರೆ ಇದೇ ತಾನೇ, ಕಲ್ಲು ಮತ್ತು ಸೊಪ್ಪು. "ಎಚ್ಚರಿಕೆಗೆ ಇಟ್ಟೇ ಇದ್ದರಲ್ಲ ಸಾರ್" ಎಂದರು ಅಣ್ಣ. ಆರಡಿ ಹಿಂದೆ ಇಟ್ಟ ಎಚ್ಚರಿಕೆಯಿಂದ ಯಾರಿಗೂ ಉಪಯೋಗವಿಲ್ಲ, ಅದಿರಲಿ. ಬೈಕು ಲಾರಿಯ ಅಡಿಗೆ ಹೋಗಬೇಕಾದರೆ ಆ ಕೊಂಬೆಯನ್ನು ದಾಟಿಯೇ ಹೋಗಬೇಕಲ್ಲ? ಕಲ್ಲು ಚೆದುರಿಲ್ಲ, ಕೊಂಬೆ ಅಡ್ಡಡ್ಡ ಇಟ್ಟ ಹಾಗೇ ಇದೆ. ಅಂದರೆ ಅದನ್ನು ಇಟ್ಟದ್ದು ಯಾವಾಗ? ಅಣ್ಣ ಮಹಜರನ್ನೇ ನೋಡುತ್ತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅರ್ಥವಾದದ್ದು ಮೊದಲು ಆ ಹೆಣ್ಣುಮಗಳಿಗೆ. "ಆಮೇಲೆ ಇಟ್ಟವ್ರೆ" ಎಂದಳು.

ಈಗ ಲೆಕ್ಕ. ಸತ್ತವನಿಗೆ 34 ವರ್ಷ, ಟೈಲ್ಸ್ ಹಾಕುವ ಕೆಲಸ. ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. 40ರ ಒಳಗಿನ ಸ್ವಂತ ದುಡಿಮೆಯವನಿಗೆ ಮುಂದಿನ ಏಳಿಗೆಗೆಂದು ಶೇ. 40 ಸೇರಿಸಬೇಕು: 21,000. ಹೆಂಡತಿ, ಎರಡು ಮಕ್ಕಳು, ತಾಯಿ, ಹೀಗೆ ನಾಲ್ವರು ಅವಲಂಬಿತರಾದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 15,750. ವರ್ಷಕ್ಕೆ 1,89,000. ಸುಪ್ರೀಂ ಕೋರ್ಟ್ 2009ರಲ್ಲಿ ಗಟ್ಟಿ ಮಾಡಿದ ಪಟ್ಟಿಯಂತೆ 31ರಿಂದ 35ರ ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ, ಅಂತ್ಯಸಂಸ್ಕಾರ ಇತ್ಯಾದಿ ಬಾಬ್ತು ಬೇರೆ. ಅವನದೂ ಅರ್ಧ ತಪ್ಪು ಎಂದು ನ್ಯಾಯಮಂಡಳಿ ಹೇಳಿತು ಅನ್ನಿ, ಆಗಲೂ 15 ಲಕ್ಷ ದಾಟುತ್ತದೆ. "ನಮ್ಮದೇ ತಪ್ಪು ಬಿಡಿ" ಎಂಬ ಮಾತಿನ ಬೆಲೆ ಇಷ್ಟು. ಬೈಕಿನ ಹಿಂದೆ ಕೂತವರು, ಕಾರಿನಲ್ಲಿ ಮಲಗಿದ್ದ ಮಕ್ಕಳು ಇದ್ದರೆ ಅವರ ಮೇಲೆ ಆ ಅರ್ಧ ತಪ್ಪೂ ಬರುವುದಿಲ್ಲ. ಎರಡು ಗಾಡಿಗಳ ತಪ್ಪಿನಲ್ಲಿ ನೊಂದ ಮೂರನೆಯವರು ಪೂರ್ತಿ ಮೊತ್ತವನ್ನು ಯಾವುದಾದರೂ ಒಂದು ಗಾಡಿಯ ಕಡೆಯಿಂದಲೇ ವಸೂಲು ಮಾಡಬಹುದು ಎಂದು 2015ರ ತೀರ್ಪಿದೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಹಣ ಕೊಡುವುದು ಲಾರಿ ಮಾಲೀಕನ ಜೇಬಿನಿಂದ ಎಂದು ಮರುಗಬೇಡಿ, ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವುದೇ ಇದಕ್ಕೆ. ಡ್ರೈವರಿಗೆ ಲೈಸೆನ್ಸ್ ಇಲ್ಲವೆಂದರೆ ಕಥೆ ಮುಗಿಯಲಿಲ್ಲ, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ, ಅರ್ಜಿ ಹೋಗಬೇಕಾದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಕೇಸನ್ನು ಅಪಘಾತವಾದ ಊರಲ್ಲೇ ಹಾಕಬೇಕಿಲ್ಲ, ನೀವು ವಾಸವಿರುವಲ್ಲೂ ಆಗುತ್ತದೆ. ಯಾವಾಗ ಬೇಕಾದರೂ ಹಾಕಬಹುದು ಎಂಬುದು ಮಾತ್ರ ಹಳೇ ಕಾಲದ ಮಾತು: 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ ನಿಜ, ಅದನ್ನೇ ನಂಬಿ ಕೂರಬೇಡಿ. ಇನ್ನು ಲಾರಿ ಮೇಲೆ ಬಿಟ್ಟಿ ಹತ್ತಿ ಮದುವೆಗೆ ಹೊರಡುವವರೇ, ಸರಕು ಗಾಡಿಯ ವಿಮೆಯಲ್ಲಿ ನಿಮಗೆ ಜಾಗವಿಲ್ಲ.

ನಮ್ಮ ವಕೀಲರ ಬಗ್ಗೆಯೂ ಹೇಳಿಬಿಡುತ್ತೇನೆ. ಆಸ್ಪತ್ರೆ ಬಾಗಿಲಲ್ಲಿ ಕಾರ್ಡು ಹಿಡಿದು "ಪರ್ಸೆಂಟೇಜ್ ಮೇಲೆ ಮಾಡ್ಕೊಡ್ತೀವಿ" ಅನ್ನುವುದು ದಂಧೆಯೇ ಹೊರತು ಪದ್ಧತಿಯಲ್ಲ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಬಹುಪಾಲು ಕಡೆ ಆ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಆದರೆ ಇದನ್ನೆಲ್ಲ ಯಾರು ನಂಬುತ್ತಾರೆ? ಅಪಘಾತವಾದ ಜಾಗದಲ್ಲಿ ಬಿಳಿ ಸೀರೆಯವಳು ರಸ್ತೆ ದಾಟುತ್ತಾಳೆ ಎಂದರೆ ನಂಬುತ್ತಾರೆ. ಲಾರಿಯ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ವಾರ ವಾರ ತಪ್ಪದೆ ಬದಲಾಗುತ್ತದೆ, ಹಿಂದಿನ ಬಲ್ಬು ಹೋಗಿ ವರ್ಷವಾಗಿರುತ್ತದೆ. ಮೂರು ವರ್ಷ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದವನು ಅಪಘಾತದಲ್ಲಿ ಸತ್ತರೆ ಸರ್ಕಾರ ಅವನ ವರಮಾನದ ಹತ್ತು ಪಟ್ಟು ಕೊಡುತ್ತದಂತೆ, ಹಾಗೆಂದು ಒಂದು ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಸರ್ಕಾರ ಕೊಡುವುದಿಲ್ಲ. ಹತ್ತು ಪಟ್ಟು ಎಂಬ ನಿಯಮವೂ ಇಲ್ಲ. ರಿಟರ್ನ್ ಎಂಬುದು ಆದಾಯಕ್ಕೊಂದು ಸಾಕ್ಷಿ ಮಾತ್ರ. ಅದಿಲ್ಲದ ಕೂಲಿಯವರಿಗೂ ಅಂದಾಜು ಆದಾಯ ಹಿಡಿದು ಪರಿಹಾರ ಕೊಡುತ್ತಾರೆ.

ವಕಾಲತ್ತಿಗೆ ಸಹಿ ಆಯಿತು. ತಾಯಿಯ, ಮಕ್ಕಳ ಆಧಾರ್ ನಕಲು ತರುತ್ತೇನೆಂದು ಎದ್ದ ಅಣ್ಣ ಬಾಗಿಲ ಹತ್ತಿರ ನಿಂತರು. ಜೇಬಿನಿಂದ ಫೋನ್ ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ನನ್ನ ಮುಂದೆ ಹಿಡಿದರು. ಅದೇ ಸಂದೇಶ.

"ನಮ್ಮ ತಮ್ಮ ಹಾಕಿರಲಿಲ್ಲ ಸಾರ್. ಈಗ ನಾನು ಹೋಗಿ ಹಾಕಿದ್ರೆ ಆಗುತ್ತಾ?"